ವರ್ಲಿನ್ ಬಳಿದ ನಳಿಕೆ

ವರ್ಲಿನ್‌ಗೆ ವಾರವಿಡೀ ಸೂರು ಹೊದಿಸುವ ಕೆಲಸ, ಭಾನುವಾರ ನಮ್ಮ ಮೈದಾನ. ಓಹಾಯೋದ ಈ ಕಾಡಿನಲ್ಲಿ ಪೇಂಟ್‌ಬಾಲ್, ಅಂದರೆ ಗಾಳಿಬಂದೂಕಿನ ಬಣ್ಣದ ಗುಂಡಿನಾಟ, ಶುರುವಾದಾಗಿನಿಂದ ಅವನು ಇಲ್ಲಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಮಗಳು ಡಾರ್ಲಾಳನ್ನು ಅವನೊಬ್ಬನೇ ಬೆಳೆಸಿದ್ದು. ಆ ಹುಡುಗಿಗೂ ಈ ಆಟವೇ ಉಸಿರು. ಬಂದೂಕಿನ ನಳಿಕೆಯೊಳಗೆ ಮೇಣ, ಸಿಲಿಕೋನ್ ಎಣ್ಣೆ ಬೆರೆಸಿ ಬಳಿಯುವುದು ಅವನ ಹುಚ್ಚು. ನುಣ್ಣಗಿದ್ದರೆ ಗುಂಡು ನೆಟ್ಟಗೆ ಹೋಗುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದು ಸಿಕ್ಕವರ ತಲೆ ತಿನ್ನುತ್ತಿದ್ದ. ಅಂಪೈರ್ ಆದ ನಾನು ಅಂಥ ನಳಿಕೆಗಳಿಂದ ಗುಂಡು ಸೊಟ್ಟಗೆ ಹೋಗಿದ್ದನ್ನೇ ಹೆಚ್ಚು ಕಂಡಿದ್ದೆ. ಹೇಳಿದರೆ ಕೇಳುವ ಆಸಾಮಿಯಲ್ಲ.

ಬೆಳಿಗ್ಗೆ ಗೇಟಿನಲ್ಲಿ ಪ್ರತಿ ಬಂದೂಕಿನ ವೇಗ ಅಳೆದು, ಮಿತಿಯೊಳಗಿದ್ದರೆ ಕೆಂಪು ದಾರ ಕಟ್ಟುತ್ತೇವೆ. ಆಮೇಲೆ ತಿರುಪು ತಿರುಗಿಸಿ ವೇಗ ಏರಿಸಿದವರು ಮೋಸಗಾರರು. ಅವರಿಗೆ ಆಮೇಲೆ ಯಾವ ಮೈದಾನದಲ್ಲೂ ಆಟವಿಲ್ಲ. ಆ ಅಕ್ಟೋಬರ್ ಪಂದ್ಯದಲ್ಲಿ ಡಾರ್ಲಾಳ ಬಂದೂಕಿಗೂ ದಾರ ಬಿತ್ತು. ಊಟದ ಬಿಡುವಿನಲ್ಲಿ ವರ್ಲಿನ್ ಅವಳ ನಳಿಕೆಗೆ ತನ್ನ ಹೊಸ ಲೇಪ ಹಚ್ಚಿಕೊಟ್ಟ. ಮತ್ತೆ ಅಳೆಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಅವಳು ಹತ್ತಿರದಿಂದ ಹೊಡೆದ ಗುಂಡಿಗೆ ಓರನ್‌ನ ಕಣ್ಣು ಕಾಯುವ ಹಳೆಯ ಮುಖವಾಡ ಸೀಳಿತು. ಓರನ್ ಅಂದರೆ ವರ್ಲಿನ್‌ನ ಚಡ್ಡಿ ದೋಸ್ತ್. ಕಣ್ಣು ಒತ್ತಿಹಿಡಿದ ಅವನ ಬೆರಳ ಸಂದಿಯಿಂದ ಹಳದಿ ಬಣ್ಣವೂ ರಕ್ತವೂ ಇಳಿಯುತ್ತಿದ್ದವು. ಬಲಗಣ್ಣು ಹೋಯಿತು.

ಡಾರ್ಲಾಳ ಬಂದೂಕಿನ ವೇಗ ಅಳೆದೆ. ಮಿತಿ ಮೀರಿತ್ತು.

"ತಿರುಪು ಮುಟ್ಟಿದೀಯ ತಾನೇ?" ಎಂದಳು ಮೈದಾನದ ಒಡತಿ ಗ್ಲೆಂಡಾ.

"ಆಣೆಗೂ ಇಲ್ಲ!" ಎಂದಳು ಡಾರ್ಲಾ.

"ಅವಳನ್ನ ಬಿಡು. ಊಟದ ಹೊತ್ತಲ್ಲಿ ಲೇಪ ಹಚ್ಚಿದ್ದು ನಾನು. ಅದಕ್ಕೇ ವೇಗ ಏರಿದೆ," ಎಂದ ವರ್ಲಿನ್.

"ಸಾಕು ಸುಮ್ನಿರೋ. ಲೇಪದಿಂದ ವೇಗ ಕೂದಲಷ್ಟೂ ಏರಲ್ಲ ಅಂತ ನಮ್ಮ ಪ್ರಾಣ ತಿಂದೋನು ನೀನೇ. ಈಗ ಮಗಳಿಗೋಸ್ಕರ ರಾಗ ಬದಲಾಯಿಸ್ತೀಯಾ?" ಗ್ಲೆಂಡಾ ಗದರಿದಳು.

ಲೇಪ ಒರೆಸಿ ಮತ್ತೆ ಅಳೆಯೋಣ, ವೇಗ ಇಳಿದರೆ ತಪ್ಪು ಲೇಪದ್ದೇ ಎಂದೆ. ಒರೆಸುವ ನೆಪದಲ್ಲಿ ತಿರುಪು ಇಳಿಸುತ್ತೀರಿ ಎಂದು ಗ್ಲೆಂಡಾ ಬಂದೂಕನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಜಡಿದಳು; ಡಾರ್ಲಾಳಿಗೆ ಇನ್ನು ಎಲ್ಲೂ ಆಟವಿಲ್ಲ ಎಂದಳು. ನನ್ನ ಮೈ ಉರಿಯಿತು. ಅಂಪೈರನ ಮಾತಿಗೆ ಅಲ್ಲಿ ಮೂರು ಕಾಸಿನ ಬೆಲೆ.

ಮರುದಿನ ವರ್ಲಿನ್‌ನನ್ನು ಆಸ್ಪತ್ರೆಗೆ ಕರೆದೊಯ್ದೆ. ಅವನು ನಡೆದದ್ದನ್ನೆಲ್ಲ ಓರನ್‌ಗೆ ಹೇಳಿದ.

"ನಂಬ್ತೀನಿ ಕಣೋ. ಡಾರ್ಲಾ ಅಂಥೋಳಲ್ಲ," ಎಂದ ಓರನ್.

ವರ್ಲಿನ್ ಮಗುವಿನ ಹಾಗೆ ಅತ್ತುಬಿಟ್ಟ. "ಗ್ಲೆಂಡಾ ನಿನ್ನ ಮಾತು ಕೇಳ್ತಾಳೆ. ಇದೇ ಮಾತನ್ನ ಅವಳಿಗೊಂದ್ಸಲ ಹೇಳ್ಬಿಡೋ."

ಓರನ್ ಗೋಡೆಯ ಕಡೆ ಹೊರಳಿದ.

"ಹೇಳಲ್ಲ. ನನ್ನ ಕಣ್ಣು ಹೋಯ್ತು, ನಿಂಗೂ ಏನಾದ್ರೂ ಹೋಗ್ಲಿ."