ಒಂದರ ಮೇಲೊಂದು ಕವುಚಿದ ಮೊರ

ಮಾದೇವಿ, ನಿನ್ನ ಅವ್ವ ಸಾಯುವ ಮುಂಚೆ ನಿನ್ನನ್ನು ಕೇಳಿದ್ದಳು. ಕೇಳಲಿಲ್ಲವೆಂದು ನಿನಗೆ ಹೇಳಿದವಳು ನಾನು — ನಿನ್ನ ಅಣ್ಣನ ಹೆಂಡತಿ. ಗೊತ್ತಿದ್ದೂ ಹೇಳಿದೆ.

ಮೈಸೂರು ರಾಜ್ಯ ದೊಡ್ಡದಾದ ವರ್ಷ ಅದು. ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಲ್ಲಲಿಲ್ಲ, ಆದರೆ ಕಲಸಿಹೋಯಿತು. ನೀರು ಬೇಕಾದರೆ ‘ಹಸು’ ಅನ್ನುವಳು. ಊಟಕ್ಕೂ ‘ಬಾಗಿಲು’, ದೀಪಕ್ಕೂ ‘ಬಾಗಿಲು’. ಗಾಳಿ ಮೆಟ್ಟಿಕೊಂಡಿದೆ ಎಂದರು ನಮ್ಮೂರು ಭೀಮನಬೀಡಿನವರು. ಗಾಡಿ ಕಟ್ಟಿಸಿ ಗುಂಡ್ಲುಪೇಟೆಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರು ಅವಳ ಮುಂದೆ ಬೀಗದ ಕೈ, ಲೋಟ, ಬಾಚಣಿಗೆ ಇಟ್ಟು ಏನೇನೋ ಕೇಳಿ ನೋಡಿದರು. ಆಮೇಲೆ ನನಗೆ ಹೇಳಿದರು: “ಇವರಿಗೆ ಹುಚ್ಚಲ್ಲಮ್ಮ. ಮನಸ್ಸಲ್ಲಿರೋ ಅರ್ಥ ಸರಿಯಾಗೇ ಇದೆ, ಅದಕ್ಕೆ ತಕ್ಕ ಮಾತು ಸಿಗ್ತಾ ಇಲ್ಲ. ನೀವು ಬರೀ ಮಾತು ಹಿಡೀಬೇಡಿ. ಹೊತ್ತು ನೋಡಿ, ಕಣ್ಣು ನೋಡಿ, ಕೈ ನೋಡಿ. ನಮ್ಮ ನಿಮ್ಮ ತಲೆಯೂ ದಿನಾ ಹಾಗೇ ಅರ್ಥ ಹುಡುಕೋದು — ನಮಗೆ ಗೊತ್ತಾಗಲ್ಲ, ಅಷ್ಟೆ.”

ನಾನು ಹಾಗೇ ನೋಡಿದೆ. ತಟ್ಟೆ ಸದ್ದಾದಾಗ ‘ಬಾಗಿಲು’ ಎಂದರೆ ಮುದ್ದೆ. ಮುಸ್ಸಂಜೆಯಲ್ಲಿ ಅಂದರೆ ದೀಪ. ತಿಂಗಳೊಳಗೆ ಅವಳ ಒಂದು ಮಾತೂ ನನಗೆ ತಪ್ಪಲಿಲ್ಲ. ನಿನ್ನ ಅಣ್ಣನಿಗೂ ಅರ್ಥವಾಗದ್ದು ನನಗೆ ಆಗುತ್ತಿತ್ತು. ಅತ್ತೆಗೆ ನಾನೇ ಬಾಯಿ. ಊರವರು ನನ್ನನ್ನು ಹೊಗಳಿದರು, ನಾನು ಹಿಗ್ಗಿದೆ.

ಯಾಕೆ ಹಿಗ್ಗಿದೆ ಎಂದು ನಿನಗೆ ಗೊತ್ತಲ್ಲ. ಹನ್ನೆರಡು ವರ್ಷ ಆ ಮನೆಯಲ್ಲಿ ನಾನು ‘ಅಕ್ಸರ ಬಂದೋಳು, ರೊಟ್ಟಿ ಬಾರ್ದೋಳು’. ನೀನು ಬಂದೆಯೆಂದರೆ ಅವ್ವನ ಕಣ್ಣಿಗೇ ನಾನು ಬೀಳುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ — ನನ್ನ ಕಾಲ ಬಂತೆಂದುಕೊಂಡೆ. ಹೇಳಲು ನಾಚಿಕೆಯಾಗುತ್ತದೆ.

ನಿನ್ನ ಮೂರನೆಯ ಬಾಣಂತನದಲ್ಲಿ ಅವಳು “ಮತ್ತೂ ಹೆಣ್ಣಾ?” ಎಂದದ್ದು, ನೀನು ಹನ್ನೊಂದು ದಿನದ ಕೂಸನ್ನು ಎತ್ತಿಕೊಂಡು ಚಾಮರಾಜನಗರಕ್ಕೆ ಹೊರಟುಹೋದದ್ದು — ಅದನ್ನು ನೀನು ಮರೆತಿಲ್ಲ. ಎರಡು ವರ್ಷ ಗೌರಿ ಹಬ್ಬಕ್ಕೆ ಕಳಿಸಿದ ಬಾಗಿನವನ್ನು ನೀನು ಮುಟ್ಟದೆ ವಾಪಸು ಕಳಿಸಿದೆ. ಮೂರನೆಯ ವರ್ಷ ನಿನ್ನ ಅಣ್ಣ, ಇನ್ನು ಕಳಿಸುವುದು ಬೇಡ ಎಂದುಬಿಟ್ಟರು. ಅದೇ ವರ್ಷ ಅವ್ವ ಮಲಗಿದ್ದು. ಸುದ್ದಿ ಮುಟ್ಟಿಸಿದರೂ ನೀನು ಬರಲಿಲ್ಲ.

ಹಬ್ಬಕ್ಕೆ ಎಂಟು ದಿನವಿತ್ತು. ನಾನು ಹಿತ್ತಲಿನಿಂದ ಬಂದಾಗ ಅತ್ತೆ ಪಡಸಾಲೆಯಲ್ಲಿ ನೆಲದ ಮೇಲಿದ್ದಳು. ತೆವಳಿಕೊಂಡು ಹೋಗಿ ಗೋಡೆಗೆ ಒರಗಿಸಿದ್ದ ಎರಡು ಮೊರ ಎಳೆದಿದ್ದಳು. ಕೇರಿ ಕೇರಿ ಸವೆದ ಹಳೆಯ ಮೊರಗಳು. ಒಂದರೊಳಗೆ ಅರಿಶಿನದ ಕೊಂಬು ಇಟ್ಟು, ಇನ್ನೊಂದನ್ನು ಅದರ ಮೇಲೆ ಕವುಚಿ, ಎಡಗೈಯಲ್ಲಿ ನನ್ನ ಕಡೆ ನೂಕಿದಳು. “ಹಸು,” ಎಂದಳು. ಚಾಮರಾಜನಗರದ ದಾರಿಯ ಕಡೆ ಕೈ ಮಾಡಿ ಮತ್ತೆ, “ಹಸು… ಹಸು…”

ಅದಕ್ಕೆ ಡಾಕ್ಟರು ಬೇಕಿತ್ತೇ? ತವರಿನ ಬಾಗಿನ ಕಂಡ ಯಾವ ಹೆಣ್ಣಿಗಾದರೂ ತಿಳಿಯುತ್ತಿತ್ತು. ಮಗಳಿಗೆ ಕಳಿಸು, ಮಗಳನ್ನು ಕರೆಸು — ಅವಳು ಅಷ್ಟು ಸ್ಪಷ್ಟವಾಗಿ, ಬಾಯಿ ನೆಟ್ಟಗಿದ್ದ ಕಾಲದಲ್ಲೂ ಏನನ್ನೂ ಕೇಳಿರಲಿಲ್ಲ.

ಹೊಲದಿಂದ ಬಂದ ನಿನ್ನ ಅಣ್ಣ ಜಗುಲಿಯ ಮೇಲೆ ಕಾಲು ತೊಳೆಯುತ್ತಿದ್ದರು. ಅವರು ಒಳಗೆ ಬರುವಷ್ಟರಲ್ಲಿ ನಾನು ಮೇಲಿನ ಮೊರ ಎತ್ತಿದೆ. ಕೊಂಬನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

“ಏನಂತಮ್ಮಿ? ಅವ್ವ ಏನ್ ಕೇಳ್ತಾವ್ಳೆ?”

“ಏನಿಲ್ಲ, ರಾಗಿ ಕೇರ್ಬೇಕಂತೆ.”

“ಪಾಪ, ಕೊಟ್ಬುಡು. ಆಡ್ಕೊಂಡಿರ್ಲಿ,” ಎಂದರು ಅವರು. ನಾನು ಆ ಒಂದು ಮಾತು ನಿಜ ಹೇಳಿದ್ದರೆ ಅವರು ಹಟವೆಲ್ಲ ಬಿಟ್ಟು ಮರುದಿನದ ಬಸ್ಸಿಗೇ ನಿನ್ನ ಬಾಗಿಲಿಗೆ ಬಂದಿರುತ್ತಿದ್ದರು. ನಾನು ಎರಡು ಸೇರು ರಾಗಿ ತಂದು ಮೊರಕ್ಕೆ ಸುರಿದು, ಅವಳ ಮಡಿಲಲ್ಲಿ ಇಟ್ಟೆ. ಅವಳು ರಾಗಿ ನೋಡಲಿಲ್ಲ. ನನ್ನ ಮುಖ ನೋಡಿದಳು. ನನಗೆ ಅರ್ಥವಾಗಿದೆ ಎಂಬುದು ಅವಳಿಗೆ ಅರ್ಥವಾಗಿತ್ತು, ಮಾದೇವಿ.

ಆಮೇಲೆ ಅವಳು ಒಂದು ಮಾತೂ ಆಡಲಿಲ್ಲ. ನೀರಿಗೂ ಕೇಳಲಿಲ್ಲ. ಕೊಂಬನ್ನು ನಾನು ಕುಟ್ಟಿ ಅಡುಗೆಗೆ ಹಾಕಿದೆ. ಹಬ್ಬದ ಹಿಂದಿನ ದಿನ ಹೋದಳು.

ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದೆವು. ನೀನು ಓಡಿ ಬಂದು ಅವಳ ಕಾಲು ಹಿಡಿದುಕೊಂಡು, ನನ್ನ ಕಡೆ ತಿರುಗಿ ಕೇಳಿದೆ: “ಅತ್ಗೆ, ಅವ್ವ ನನ್ನೇನಾರ ಕೇಳುದ್ಲಾ?”

ಆಗಲಾದರೂ ಹೇಳಬಹುದಿತ್ತು. ಬಾಯಿಗೆ ಬಂತು, ಆದರೆ —

“ಇಲ್ಲ ಕಣಮ್ಮಿ. ಅವ್ವಂಗೆ ಯಾರ ಗ್ಯಾನನೂ ಇರ್ನಿಲ್ಲ.”

ನೀನು ಅಳು ನಿಲ್ಲಿಸಿದೆ. ಅವ್ವ ಕೋಪ ಇಟ್ಟುಕೊಂಡೇ ಹೋದಳು ಎಂದು ಅಂದಿನಿಂದ ನಂಬಿಕೊಂಡೇ ಬದುಕಿದೆ. ಮುಂದಿನ ವರ್ಷದಿಂದ ಬಾಗಿನ ನಾನು ಕಳಿಸಿದೆ. ನೀನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ. “ಇವ್ಳೇ ಕಣ್ರಮ್ಮಿ ಈಗ ನಂಗೆ ಅವ್ವ” ಎಂದು ನಿನ್ನ ಮಕ್ಕಳಿಗೆ ನನ್ನನ್ನು ತೋರಿಸಿದೆ. ಆ ಮಾತು ಕೇಳಿಸಿಕೊಂಡು ನಾನು ನಿನ್ನ ಮನೆಯಲ್ಲಿ ಉಂಡು ಬಂದೆ. ಪ್ರತಿ ವರ್ಷ ಉಂಡು ಬಂದೆ.

ನಾನು ಚಿಕ್ಕವಳಿದ್ದೆ, ನೊಂದವಳಿದ್ದೆ ಎಂದೆಲ್ಲ ಬರೆಯಬಹುದು. ಬರೆಯುವುದಿಲ್ಲ. ಅವಳ ಮಾತು ತಿಳಿಯುತ್ತಿದ್ದವಳು ನಾನೊಬ್ಬಳೇ, ಮುಚ್ಚಿಟ್ಟವಳೂ ನಾನೇ.

ಈ ಕಾಗದವನ್ನು ಈ ವರ್ಷದ ಬಾಗಿನದ ಎರಡು ಮೊರಗಳ ನಡುವೆ ಇಡುತ್ತಿದ್ದೇನೆ. ಜೊತೆಗೆ, ಅಂದು ನಾನು ಕುಟ್ಟಿಹಾಕಿದ್ದರ ಬದಲಿಗೆ, ಒಂದು ಅರಿಶಿನದ ಕೊಂಬು ಇದೆ. ಅದು ನನ್ನದಲ್ಲ, ನಿನ್ನ ಅವ್ವ ಕಳಿಸಿದ್ದು, ಅದನ್ನು ಮಾತ್ರ ಇಟ್ಟುಕೋ. ಉಳಿದದ್ದನ್ನು ನೀನು ವಾಪಸು ಕಳಿಸಿದರೆ, ತೆಗೆದುಕೊಳ್ಳಲು ನಾನು ಬಾಗಿಲಲ್ಲೇ ಕೂತಿರುತ್ತೇನೆ.