ಬಾಯಿಲ್ಲದ ರೇಡಿಯೋ

ಹಳೆಯ ರೇಡಿಯೋದ ವಾಲ್ವು ಬಿಸಿಯಾಗುವಾಗ ಅದರ ಮೇಲಿನ ಧೂಳು ಸುಟ್ಟು ಒಂದು ವಾಸನೆ ಬರುತ್ತದೆ. ಅಂಥ ಪೆಟ್ಟಿಗೆ ಇದ್ದ ಮನೆಯಲ್ಲಿ ಬೆಳೆದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಳೆದ ವರ್ಷ ಮಿಕ್ಸಿ ರಿಪೇರಿಗೆಂದು ಪುತ್ತೂರಿನ ಒಂದು ಅಂಗಡಿಗೆ ಹೋಗಿದ್ದೆ. ಒಳಗೆ ಯಾರದೋ ಹಳೆಯ ಸೆಟ್ಟಿಗೆ ಕರೆಂಟು ಕೊಟ್ಟು ನೋಡುತ್ತಿದ್ದರು. ಮೊದಲು ಆ ವಾಸನೆ ಬಂತು, ಆಮೇಲೆ ಗೊರಗೊರ ಸದ್ದು. ನಾನು ಅಲ್ಲಿದ್ದ ಬೆಂಚಿನ ಮೇಲೆ ಕುಳಿತುಬಿಟ್ಟೆ. ಅಂಗಡಿಯ ಹುಡುಗ ನೀರು ತಂದುಕೊಟ್ಟ. ಬಿಸಿಲಿಗೆ ತಲೆ ಸುತ್ತಿತೆಂದು ಅವನು ತಿಳಿದುಕೊಂಡ. ನಾನೂ ಹಾಗೆಯೇ ಹೇಳಿದೆ.

ನಮ್ಮ ಮನೆ ಸುಳ್ಯ ಪೇಟೆಯ ತುದಿಯಲ್ಲಿ ರಸ್ತೆಗೆ ಮುಖಮಾಡಿ ಇತ್ತು. ಈಗ ಅಲ್ಲಿ ಟೈಲ್ಸ್ ಮಾರುತ್ತಾರೆ. ಅಪ್ಪನದು ಮೈಕ್ ಸೆಟ್ಟಿನ ಕೆಲಸ. ಮದುವೆಗೆ, ಸಭೆಗೆ, ನಾಟಕಕ್ಕೆ ಆಂಪ್ಲಿಫೈಯರ್, ಗ್ರಾಮಫೋನು, ಕಾರಿನ ಬ್ಯಾಟರಿ, ಸ್ಪೀಕರಿನ ತಗಡಿನ ಕೊಳವೆಬಾಯಿ ಎಲ್ಲವನ್ನೂ ಹೊರಿಸಿಕೊಂಡು ಹೋಗುತ್ತಿದ್ದರು. ಮನೆಯ ಎಡಗಡೆಯ ಕೋಣೆಯಲ್ಲಿ ಬ್ಯಾಟರಿಯ ಆಸಿಡ್ಡಿನ ಹುಳಿ ವಾಸನೆ ಯಾವಾಗಲೂ ಇರುತ್ತಿತ್ತು. ಮುಂಗಡವೆಂದು ಅಪ್ಪ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಮದುವೆ ಮನೆಯವರು ಬಂದು ವೀಳ್ಯದೆಲೆ ಅಡಿಕೆ ಕೊಡಬೇಕು, ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳಬೇಕು. ಅಲ್ಲಿಗೆ ಮಾತು ಮುಗಿಯಿತು. ವೀಳ್ಯ ಹಿಡಿದ ಮನೆಗೆ ಅವರು ಒಮ್ಮೆ ಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

ಅಣ್ಣ ಕುಶಾಲಪ್ಪ ಮಿಲಿಟರಿಗೆ ಸೇರಿದ್ದ. ಅವನ ಕಾಗದಗಳನ್ನು ಅವ್ವನಿಗೆ ನಾನು ಓದಿ ಹೇಳುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಮೇಲ್ಗಡೆ ಅವನ ಹೆಸರಿನ ಪಕ್ಕ ಇರುತ್ತಿದ್ದ ಮಿಲಿಟರಿ ನಂಬರನ್ನು ನನ್ನಿಂದ ಹೇಳಿಸಿ ಹೇಳಿಸಿ ಬಾಯಿಪಾಠ ಮಾಡಿಕೊಂಡಿದ್ದರು. ಭತ್ತ ಕುಟ್ಟುವಾಗ ಒನಕೆಯ ಏಟಿಗೆ ಸರಿಯಾಗಿ ಅದನ್ನು ಹೇಳುತ್ತಿದ್ದರು. ಚೀನಾದ ಯುದ್ಧ ಸುರುವಾದಾಗ ಅವನ ತುಕಡಿ ಗಡಿಯಲ್ಲಿತ್ತು. ಕಾಗದ ನಿಂತಿತು. ಅವ್ವ ರೇಡಿಯೋ ಬೇಕೆಂದರು. ಅದುವರೆಗೆ ಅವರು ಯಾವುದನ್ನೂ ಬೇಕೆಂದು ಕೇಳಿದವರಲ್ಲ.

ಪುತ್ತೂರಿಗೆ ಅಪ್ಪನ ಜೊತೆ ಅವ್ವ ನನ್ನನ್ನೂ ಕಳಿಸಿದರು. ನಮ್ಮ ಮನೆಮಾತು ಅರೆಭಾಷೆ. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. "ನೀನು ಹೋಗು. ಇಲ್ಲದಿದ್ರೆ ನಿನ್ನ ಅಪ್ಪ ಇನ್ನೊಂದು ಕೊಳವೆ ಹೊತ್ಕೊಂಡು ಬರ್ತಾರೆ. ದೂರದ್ದು ಕೇಳ್ಬೇಕು, ಅಷ್ಟೇ ಹೇಳು" ಎಂದರು. ರೇಡಿಯೋ ಅಂಗಡಿಯವರು ಅಪ್ಪನಿಗೆ ಪರಿಚಯದವರು, ಸ್ವಲ್ಪ ತಮಾಷೆಯ ಮನುಷ್ಯ. ದೂರದ್ದನ್ನೂ ಹಿಡಿದು ತಾನೇ ಮಾತಾಡುವ ಒಳ್ಳೆಯ ಸೆಟ್ಟು ನಮ್ಮ ಕೈಗೆ ಎಟಕುವಂತಿರಲಿಲ್ಲ. ಎಟಕುವಂಥದ್ದು ಎರಡೇ. ಒಂದು, ಹೊಳೆಯುವ ಮರದ ಪೆಟ್ಟಿಗೆ. ಸ್ಪೀಕರು ಒಳಗೇ ಇತ್ತು, ಆದರೆ ಹತ್ತಿರದ ಸ್ಟೇಷನ್ನುಗಳನ್ನು ಮಾತ್ರ ಹಿಡಿಯುತ್ತಿತ್ತು. ಇನ್ನೊಂದು, ಬರೀ ಟ್ಯೂನರ್. ಶಾರ್ಟ್‌ವೇವಿನಲ್ಲಿ ದೇಶದಾಚೆಯದನ್ನೂ ಹಿಡಿಯುತ್ತಿತ್ತು, ಆದರೆ ಸ್ವಂತ ಸ್ಪೀಕರಿಲ್ಲ. ಬೇರೆ ಆಂಪ್ಲಿಫೈಯರಿಗೆ ಜೋಡಿಸಬೇಕು, ವಿದ್ಯುತ್ತನ್ನೂ ಅದರಿಂದಲೇ ತೆಗೆದುಕೊಳ್ಳಬೇಕು.

"ನಿಮ್ಮ ಮನೆಯಲ್ಲಿ ಊರಿಗೇ ಕೇಳುವಷ್ಟು ದೊಡ್ಡ ಬಾಯಿ ಉಂಟಲ್ಲ ಮಾರಾಯ್ರೆ, ಇನ್ನೊಂದು ಬಾಯಿ ಎಂತಕ್ಕೆ?" ಎಂದರು ಅಂಗಡಿಯವರು. ಆಮೇಲೆ ನಗು ನಿಲ್ಲಿಸಿ, "ಒಂದು ಮಾತು ಹೇಳಿಬಿಡ್ತೇನೆ. ಆಂಪ್ಲಿಫೈಯರು ಮನೆಯಲ್ಲಿ ಇಲ್ಲದ ದಿನ ಇದು ಬರೀ ಡಬ್ಬಿ" ಎಂದರು.

"ಅದು ಇಲ್ಲದ ದಿನ ನಾನೂ ಮನೆಯಲ್ಲಿ ಇರುದಿಲ್ಲ. ಮತ್ತೆ ಕೇಳುದು ಯಾರು?" ಎಂದರು ಅಪ್ಪ. ಅದು ಮೈಕಿನವನೊಬ್ಬನಿಗೆ ಮಾತ್ರ ಹೊಳೆಯುವ ಲೆಕ್ಕಾಚಾರ. ಯಂತ್ರ ಎಲ್ಲಿಯೋ ಕೇಳುವವನೂ ಅಲ್ಲಿಯೇ ಎಂದು ಅವರು ಬದುಕಿದ್ದರು. ದೂರದ್ದು ಕೇಳಬೇಕೆಂಬ ಅವ್ವನ ಮಾತನ್ನು ನಾನು ಹೇಳಿದ್ದೆ, ಅಪ್ಪ ಅದರಂತೆಯೇ ಆರಿಸಿದರು. ಬಸ್ಸಿನಲ್ಲಿ ಟ್ಯೂನರನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಅದರ ಗಾಜಿಗೆ ಧೂಳು ತಾಗದ ಹಾಗೆ ವೇಷ್ಟಿಯ ತುದಿ ಮುಚ್ಚಿದ್ದರು.

ಯುದ್ಧ ನಿಂತ ಮೇಲೂ ಅಣ್ಣನ ಸುದ್ದಿ ಬರಲಿಲ್ಲ. ಆತ ಪತ್ತೆಯಿಲ್ಲ ಎಂದಷ್ಟೇ ತಿಳಿಯಿತು. ಆ ದಿನಗಳಲ್ಲಿ ಯಾರೋ ಬಂದು, ಸೆರೆ ಸಿಕ್ಕವರ ಹೆಸರನ್ನು ದೂರದ ಒಂದು ಸ್ಟೇಷನ್ನಿನಲ್ಲಿ ಸಂಜೆ ಹೊತ್ತು ಓದುತ್ತಾರೆ, ಹೆಸರಿನ ಜೊತೆ ನಂಬರೂ ಇರುತ್ತದೆ ಎಂದು ಹೇಳಿದರು. ಅಂದಿನಿಂದ ಸಂಜೆಯಾದರೆ ಅಪ್ಪ ಟ್ಯೂನರಿನ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತಾ ಕುಳಿತುಕೊಳ್ಳುತ್ತಿದ್ದರು. ಕೊಳವೆಬಾಯಿಯನ್ನು ನೆಲದ ಮೇಲೆ ಮಲಗಿಸಿರುತ್ತಿದ್ದರು. ಅವ್ವ ಅದರ ಎದುರು ಮಗುವಿನ ಮುಖ ನೋಡುವವರಂತೆ ಬಗ್ಗಿ ಕುಳಿತಿರುತ್ತಿದ್ದರು. ಮಳೆ ಸುರಿದಂಥ ಗದ್ದಲ. ನಡುವೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೆಸರುಗಳು. ಭಾಷೆ ನಮಗೆ ತಿಳಿಯುತ್ತಿರಲಿಲ್ಲ. ಹೆಸರುಗಳು ತಿಳಿಯುತ್ತಿದ್ದವು. ಇಂಗ್ಲಿಷಿನ ಅಂಕಿಗಳನ್ನು ಅವ್ವ ನನ್ನಿಂದ ಆಗಲೇ ಕಲಿತಿದ್ದರು.

ಅಜ್ಜಾವರದ ಒಂದು ಮದುವೆಗೆ ಅಪ್ಪ ಯುದ್ಧಕ್ಕೆ ಮೊದಲೇ ವೀಳ್ಯ ಹಿಡಿದಿದ್ದರು. ಹೊರಡುವ ಹೊತ್ತಿಗೆ ಅವ್ವ ಬಾಗಿಲಲ್ಲಿ ನಿಂತರು.

"ಈ ಒಂದಕ್ಕೆ ಹೋಗ್ಬೇಡಿ."

"ಎಲೆ ತಕ್ಕೊಂಡಾಗಿದೆ."

"ಎಲೆ ಕೊಟ್ಟವರಿಗೆ ಮಕ್ಕಳಿಲ್ವಾ? ಹೇಳಿದ್ರೆ ತಿಳೀಲಿಕ್ಕಿಲ್ವಾ?"

"ಅವರದ್ದೂ ಮಗಳ ಮದುವೆಯೇ. ಒಂದು ಸಂಜೆ. ನಾಳೆ ಬಂದು ಜೋಡಿಸ್ತೇನೆ." ಅಪ್ಪ ಅವ್ವನ ಮುಖ ನೋಡದೆ ವಯರು ಸುತ್ತುತ್ತಿದ್ದರು. ಆಮೇಲೆ ಅವ್ವ ದಾರಿ ಬಿಟ್ಟರು.

ಸಂಜೆಗೆ ಅವ್ವ ನನ್ನನ್ನು ಡಾಕ್ಟರ ಮನೆಗೆ ಓಡಿಸಿದರು. ಅಲ್ಲಿ ಒಳ್ಳೆಯ ಸೆಟ್ಟಿತ್ತು, ಆದರೆ ಬಾಗಿಲಿಗೆ ಬೀಗ. ಮನೆಯವರು ಮಂಗಳೂರಿಗೆ ಹೋಗಿದ್ದರು. ಹೊಟೇಲಿನ ರೇಡಿಯೋ ಹತ್ತಿರದ್ದನ್ನು ಮಾತ್ರ ಹಿಡಿಯುವ ಜಾತಿಯದು. ನಾನು ಹಿಂದಿರುಗುವಾಗ ಅವ್ವ ಟ್ಯೂನರಿನ ಮುಂದೆ ಕುಳಿತು ಅದರ ಗುಂಡಿ ತಿರುಗಿಸುತ್ತಿದ್ದರು. ಟ್ಯೂನರಿನೊಳಗೆ ದೀಪ ಉರಿಯುತ್ತಿರಲಿಲ್ಲ. ಗಾಜಿನ ಹಿಂದೆ ಮುಳ್ಳು ಮಾತ್ರ ಹೋಗಿ ಬರುತ್ತಿತ್ತು.

ಅಷ್ಟರಲ್ಲಿ ಗಾಳಿ ತಿರುಗಿತು. ಪಯಸ್ವಿನಿ ಹೊಳೆಯ ಆಚೆಯ ಅಜ್ಜಾವರದಿಂದ ಒಂದು ಹಾಡು ತೇಲಿಬಂತು. ಕ್ಷೀಣವಾಗಿದ್ದರೂ ನಮಗೆ ಗುರುತು ಸಿಕ್ಕಿತು, ಯಾಕೆಂದರೆ ಗ್ರಾಮಫೋನಿನ ಆ ಪ್ಲೇಟಿನಲ್ಲಿ ಒಂದು ಗೀರಿತ್ತು. ಒಂದು ಕಡೆ ಬಂದಾಗ ಹಾಡು ಒಮ್ಮೆ ಎಡವುತ್ತಿತ್ತು. ನಮ್ಮದೇ ಯಂತ್ರ, ನಮ್ಮದೇ ಕೊಳವೆ. ಅವ್ವ ಗುಂಡಿಯಿಂದ ಕೈ ತೆಗೆದರು. ಹಾಡು ಎಡವುವ ಜಾಗ ಬರುವವರೆಗೂ ಅಲ್ಲಾಡದೆ ಕುಳಿತಿದ್ದು, ಆಮೇಲೆ ಎದ್ದು ದನಕ್ಕೆ ಅಕ್ಕಿ ತೊಳೆದ ಅಕ್ಕಚ್ಚು ಕೊಡಲು ಹೋದರು.

ಮರುದಿನ ಅಪ್ಪ ಬಾಳೆಲೆಯಲ್ಲಿ ಹೋಳಿಗೆ ಕಟ್ಟಿಸಿಕೊಂಡು ಬಂದರು. ಅವ್ವ ಅದನ್ನು ತೆಗೆದುಕೊಂಡು, "ನಮ್ಮ ಪೆಟ್ಟಿಗೆ ಚೆಂದ ಹಾಡಿತು. ಇಲ್ಲಿಗೆ ಕೇಳ್ತಾ ಇತ್ತು" ಎಂದರು. ಅಪ್ಪ ಅಂಗಿ ಕೂಡ ಬಿಚ್ಚದೆ ಟ್ಯೂನರನ್ನು ಜೋಡಿಸಿದರು.

ಅದೇ ವಾರ ಬೆಳ್ಳಾರೆಯ ಬಟ್ಟೆ ವ್ಯಾಪಾರಿ ಇಬ್ರಾಹಿಂ ಬ್ಯಾರಿ ಬಸ್ಸಿಳಿದು ನಮ್ಮ ಮನೆಗೆ ಬಂದರು. ಅವರ ಮಳಿಗೆಯ ಉದ್ಘಾಟನೆಗೆ ಅಪ್ಪ ಮೈಕ್ ಕಟ್ಟಿದ್ದರು, ಅಂದಿನಿಂದ ಸ್ನೇಹ. ಹಡಗಿನಲ್ಲಿದ್ದ ಅವರ ಭಾವ ತಂದುಕೊಟ್ಟ ರೇಡಿಯೋ ಅವರಲ್ಲಿತ್ತು. ಚಾವಡಿಯಲ್ಲಿ ಟೊಪ್ಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ರೇಡಿಯೋದಲ್ಲಿ ಕುಶಾಲಪ್ಪ ಅಂತ ಹೇಳಿದ್ರು, ಸಾಹುಕಾರ್ರೆ. ಅದು ನಾನು ಸರಿಯಾಗಿ ಕೇಳಿದೆ."

"ನಂಬರು?" ಎಂದು ಒಳಗಿನಿಂದ ಅವ್ವ ಕೇಳಿದರು.

"ನಂಬರು ಬರುವಾಗ ಗದ್ದಲ ಆಯ್ತು, ಅಮ್ಮ. ಎಲ್ಲವೂ ಕೇಳಿದೆ ಅಂತ ಹೇಳಿದ್ರೆ ಸುಳ್ಳಾಗ್ತದೆ." ಟೊಪ್ಪಿಯ ಅಂಚನ್ನು ಸರಿಮಾಡಿಕೊಳ್ಳುತ್ತಾ, "ಆ ಹೆಸರಿನವರು ಕೊಡಗಿನಲ್ಲಿಯೂ ತುಂಬಾ ಜನ ಇದ್ದಾರೆ" ಎಂದರು.

ಯಾವ ಸಂಜೆ ಎಂದು ಯಾರೂ ಕೇಳಲಿಲ್ಲ. ಅವರೇ ಹೇಳಿದರು. ಅಪ್ಪ ಅಜ್ಜಾವರದ ಮದುವೆಗೆ ಮೈಕ್ ಕಟ್ಟಿದ್ದ ಅದೇ ಸಂಜೆ.

ಆಮೇಲೆ ಆ ಹೆಸರು ಇನ್ನೊಮ್ಮೆ ಬರಲಿಲ್ಲ. ಮುಂದಿನ ವರ್ಷ ಸೆರೆಯಾಳುಗಳು ತಂಡತಂಡವಾಗಿ ಹಿಂದಿರುಗಿದರು. ಅಣ್ಣ ಬರಲಿಲ್ಲ. ರೇಡಿಯೋದಲ್ಲಿ ಓದಿದ ಕುಶಾಲಪ್ಪ ಬೇರೆಯವನೇ ಇರಬಹುದು. ಅಣ್ಣನೇ ಆಗಿದ್ದು, ಆ ಸಂಜೆಯವರೆಗೆ ಬದುಕಿದ್ದು, ಆಮೇಲೆ ಇಲ್ಲವಾಗಿರಬಹುದು. ಮಡಿಕೇರಿಗೆ ಹೋಗಿ ವಿಚಾರಿಸಿದ ಇಬ್ರಾಹಿಂ ಬ್ಯಾರಿಯವರಿಗೂ ಏನೂ ಸಿಗಲಿಲ್ಲ. ಆ ನಂಬರನ್ನು ಅವ್ವ ಕೇಳಿಸಿಕೊಂಡಿದ್ದರೆ ಹೌದು ಅಥವಾ ಅಲ್ಲ ಎಂದು ಅಲ್ಲೇ ಹೇಳಿಬಿಡುತ್ತಿದ್ದರು.

ಅಪ್ಪ ಕೆಲಸ ಬಿಡಲಿಲ್ಲ. ನಮಗೆ ಅನ್ನ ಅದರಿಂದಲೇ ಆಗಬೇಕಿತ್ತು. ಆದರೆ ವೀಳ್ಯ ಕೊಡಲು ಬಂದವರ ಮುಂದೆ ಕೈ ಒಡ್ಡುವ ಮೊದಲು ಒಮ್ಮೆ ಒಳಬಾಗಿಲ ಕಡೆ ನೋಡುತ್ತಿದ್ದರು. ಅವ್ವ ಅಲ್ಲಿರುತ್ತಿರಲಿಲ್ಲ. ಅವರಿಬ್ಬರೂ ಆ ಸಂಜೆಯ ಬಗ್ಗೆ ಮತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಸತ್ತವನಿಗೆ ಮಾಡಬೇಕಾದ ಯಾವ ಕ್ರಿಯೆಯನ್ನೂ ಅಣ್ಣನಿಗೆ ಮಾಡಲು ಅವ್ವ ಬಿಡಲಿಲ್ಲ. ಬದುಕಿದ್ದಾನೆ ಎಂದೂ ಅವರು ಹೇಳಲಿಲ್ಲ.

ಈಗ ಅವರು ಯಾರೂ ಇಲ್ಲ. ಎಲ್ಲೋ ದೂರದ ಮದುವೆಯಿಂದ ಗಾಳಿ ಹಾಡನ್ನು ತಂದಾಗ ನಾನು ಕೆಲಸ ನಿಲ್ಲಿಸುತ್ತೇನೆ. ಮೊದಲಿಗೆ ಹಾಡು ನನಗೆ ಕೇಳುವುದಿಲ್ಲ. ಅದರ ಹಿಂದೆ ಯಾರೋ ಹೆಸರು ಓದುತ್ತಿದ್ದಾರೆ ಎನಿಸುತ್ತದೆ. ಅಣ್ಣನ ನಂಬರು ತಾನಾಗಿ ಬಾಯಿಗೆ ಬರುತ್ತದೆ, ಒನಕೆಯ ಏಟಿನ ಲಯದಲ್ಲಿ. ಮೆಲ್ಲಗೆ ಪೂರ್ತಿ ಹೇಳಿ ಮುಗಿಸುತ್ತೇನೆ. ಆಮೇಲೆ ಹಾಡು ಕೇಳಲು ಸುರುವಾಗುತ್ತದೆ.