ಕಾರಿನ ಬಲಮಗ್ಗುಲು

ಅಣ್ಣ ಮಾಡಿದ ಕಾರಿನ ಉದ್ದ ಹತ್ತೊಂಬತ್ತು ಇಂಚು ಮೂರು ಸೂತ. ಇಂಚಿನ ಎಂಟನೆಯ ಒಂದು ಪಾಲಿಗೆ ಗಿರಣಿಯ ಫಿಟ್ಟರುಗಳು ಸೂತ ಎನ್ನುತ್ತಿದ್ದರು. ನಿಜವಾದ ಕಾರಿನ ಒಂದು ಇಂಚಿಗೆ ಇಲ್ಲಿ ಒಂದು ಸೂತ, ಅದು ಅವನ ಲೆಕ್ಕ. ಈ ಅಳತೆಯನ್ನು ನೆನಪಿನಿಂದ ಹೇಳುತ್ತಿಲ್ಲ, ಡೈರಿಯಲ್ಲಿ ಬರೆದಿಟ್ಟದ್ದನ್ನು ನೋಡಿ ಹೇಳುತ್ತಿದ್ದೇನೆ. ಆ ಕಾರಿನ ವಿಷಯದಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಬಹಳ ವರ್ಷ ನನ್ನ ಪರವಾಗಿ ಸುಳ್ಳು ಹೇಳಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅವ್ವ, ಅಣ್ಣ, ನಾನು, ಮೂವರು ಮಾನ್ವಿಯಲ್ಲಿ ಒಂದು ಅಕ್ಕಿ ಗಿರಣಿಯ ಹಿಂದೆ ಎರಡು ಕೋಣೆಯ ಮನೆಯಲ್ಲಿದ್ದೆವು. ಅಣ್ಣ ದೇವದುರ್ಗದಲ್ಲಿ ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಗಿರಣಿ ಸೇರಿ ಅಲ್ಲಿಯ ಎಂಜಿನ್ ನೋಡಿಕೊಳ್ಳುತ್ತಿದ್ದವನು. ನಾನು ಧಾರವಾಡಕ್ಕೆ ಹೋಗಿ ಎಂ.ಎ. ಮಾಡಿದವನು. ಮೊದಲನೆಯದು ಆಗದಿದ್ದರೆ ಎರಡನೆಯದು ಆಗುತ್ತಿರಲಿಲ್ಲ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು, ಜಗಳವಾಡಬಹುದಿತ್ತು.

ಹದಿನೈದು ವರ್ಷ ತೌಡಿನ ಧೂಳು ಕುಡಿದು ಅಣ್ಣನ ಎದೆ ಕೆಟ್ಟಿತ್ತು. ಬೆಳಿಗ್ಗೆ ಎದ್ದರೆ ಮೊದಲ ಅರ್ಧ ಗಂಟೆ ಗೋಡೆ ಹಿಡಿದು ಕೆಮ್ಮುತ್ತಿದ್ದ. ಗಿರಣಿ ಬಿಡದಿದ್ದರೆ ತನ್ನಿಂದ ಏನೂ ಆಗದು ಎಂದು ರಾಯಚೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಅದೇ ಹೊತ್ತಿಗೆ ರಾಯಚೂರಿನ ಒಂದು ತರಬೇತಿ ಶಾಲೆಯವರು ತಮ್ಮ ವರ್ಕ್‌ಶಾಪಿಗೆ ಮುಂದಿನ ವರ್ಷ ಸಹಾಯಕನೊಬ್ಬ ಬೇಕೆಂದು ತಿಳಿಸಿದರು. ಸರ್ಟಿಫಿಕೇಟು ಇಲ್ಲದವರು ಸ್ವಂತ ಕೈಯಿಂದ ಮಾಡಿದ ಒಂದು ವಸ್ತುವನ್ನು ತಂದು ತೋರಿಸಬೇಕು. ಅಣ್ಣ ಆ ಜಾಗವನ್ನು ಮೊದಲೇ ಹೋಗಿ ನೋಡಿಕೊಂಡು ಬಂದ.

"ಬಿಳಿ ಅಂಗಿ ಹಾಕ್ಕೊಂಡು ಕೆಲಸ ಮಾಡ್ತಾರ ಬೇ ಯವ್ವಾ," ಎಂದ. "ಸಂಜಿಗೂ ಬಿಳೀನ ಇರ್ತದ."

ಬೇರೆಯವರು ಸುತ್ತಿಗೆ, ಇಕ್ಕಳ, ಕುರ್ಚಿ ಮಾಡಿಕೊಂಡು ಬರುತ್ತಾರೆಂದು ಅವನಿಗೆ ಗೊತ್ತಿತ್ತು. ಅವನು ಕಾರು ಮಾಡಹೊರಟ. ರಸ್ತೆಯ ಮೇಲೆ ನಾವು ನೋಡಿದ ಕಾರಲ್ಲ. ದೇವದುರ್ಗದ ಕಟಿಂಗ್ ಅಂಗಡಿಯೊಂದರ ಗೋಡೆಗೆ ಹಚ್ಚಿದ್ದ ಪರದೇಶದ ಪತ್ರಿಕೆಯ ಹಾಳೆಯಲ್ಲಿದ್ದ ಹಳೆಯ ಕಾಲದ ರೇಸಿನ ಕಾರು. ಉದ್ದ ಮೂತಿ, ಮೇಲೆ ಟಾಪು ಇಲ್ಲ, ಸೈಕಲ್ಲಿನಂತೆ ಕಡ್ಡಿಗಳಿರುವ ಚಕ್ರ, ಬಾನೆಟ್ಟಿನ ಮಗ್ಗುಲಿನಿಂದ ಹೊರಬಂದು ಒಂದಾಗಿ ಹಿಂದಕ್ಕೆ ಹೋಗುವ ನಾಲ್ಕು ಹೊಗೆಯ ಪೈಪುಗಳು, ಪಕ್ಕದಲ್ಲಿ ಕನ್ನಡಕ ಹಣೆಗೇರಿಸಿ ನಿಂತ ಒಬ್ಬ ಬಿಳಿಯ. ಅಂಗಡಿಯವನ ಮುರಿದ ಕುರ್ಚಿಯನ್ನು ಸರಿಮಾಡಿಕೊಟ್ಟು, ಒದ್ದೆ ಬಟ್ಟೆ ಒತ್ತಿ ಒತ್ತಿ ಅಣ್ಣ ಆ ಹಾಳೆಯನ್ನು ಬಿಡಿಸಿಕೊಂಡು ತಂದ. ಹಿಂದಿನ ಪುಟ ಗಂಜಿಯ ಜೊತೆ ಗೋಡೆಗೇ ಉಳಿಯಿತು. ಅದರಲ್ಲಿ ಏನಿತ್ತೋ, ನಮಗೆ ಸಿಕ್ಕ ಚಿತ್ರದಲ್ಲಿದ್ದದ್ದು ಕಾರಿನ ಎಡಮಗ್ಗುಲು ಮಾತ್ರ.

ಅಳತೆಗೆ ಅವನು ಆ ಬಿಳಿಯನನ್ನೇ ಹಿಡಿದ. ಅವನ ಎತ್ತರ ಐದಡಿ ನಾಲ್ಕಿಂಚು ಎಂದಿಟ್ಟುಕೊಂಡು, ಚಕ್ರ ಅವನ ತೊಡೆಗೆ ಎಷ್ಟು ಬರುತ್ತದೆ, ಬಾನೆಟ್ಟು ಸೊಂಟಕ್ಕಿಂತ ಎಷ್ಟು ಕೆಳಗಿದೆ ಎಂದು ಗುಣಿಸುತ್ತ ಹೋದ. ಐದಡಿ ನಾಲ್ಕೇ ಯಾಕೆ ಎಂದು ಕೇಳಿದೆ.

"ನಾ ಅಷ್ಟ ಅದೀನಲ್ಲ," ಎಂದ.

ನಾನು ನಕ್ಕೆ. ಅವನೂ ನಕ್ಕ. ನಾನು ಯಾಕೆ ನಕ್ಕೆನೆಂದು ಅವನಿಗೆ ತಿಳಿದಿರಲಿಲ್ಲ ಅನ್ನಿಸುತ್ತದೆ.

ಭತ್ತ ಬಾರದೆ ಗಿರಣಿ ನಿಂತ ಹಗಲುಗಳಲ್ಲಿ, ಹೊಸ್ತಿಲ ಬೆಳಕಿನಲ್ಲಿ ಕೂತು ಏಳು ತಿಂಗಳು ಮಾಡಿದ. ಬೇವಿನ ಕಟ್ಟಿಗೆಯ ಅಚ್ಚಿನ ಮೇಲೆ ಎಣ್ಣೆ ಡಬ್ಬಿಯ ತಗಡನ್ನು ಬಡಿದು ಮೈ ಮಾಡಿದ. ಭತ್ತ ಸುಲಿಯುವ ಯಂತ್ರದ ಸವೆದ ರಬ್ಬರ್ ರೋಲನ್ನು ಕೊಯ್ದು ಟಯರು ಮಾಡಿದ. ಚಿತ್ರದ ಚಕ್ರದಲ್ಲಿ ಎಷ್ಟು ಕಡ್ಡಿಗಳಿವೆ ಎಂದು ಸೂಜಿಯ ಮೊನೆಯಿಂದ ಎಣಿಸಿ, ಹಳೆಯ ಜರಡಿಯ ತಂತಿ ಬಿಚ್ಚಿ ಅಷ್ಟೇ ಕಡ್ಡಿ ಹೆಣೆದ. ಬಾನೆಟ್ಟಿಗೆ ಬಿಗಿಯುವ ಚರ್ಮದ ಪಟ್ಟಿ ನನ್ನ ಹರಿದ ಚಪ್ಪಲಿಯದು, ಅದರ ಬಕಲಿನ ಮುಳ್ಳು ಕೂಡ ಏಳುತ್ತಿತ್ತು, ಬೀಳುತ್ತಿತ್ತು. ಬಾನೆಟ್ಟು ಎತ್ತಿದರೆ ಒಳಗೆ ನಾಲ್ಕು ಸಿಲಿಂಡರಿನ ಎಂಜಿನ್.

ಓಣಿಯವರೆಲ್ಲ ನೋಡಲು ಬಂದರು. ಗಿರಣಿಯ ಸಾಹುಕಾರರೂ ಚಪ್ಪಲಿ ಬಿಟ್ಟು ಒಳಗೆ ಬಂದು ಬಗ್ಗಿ ನೋಡಿದರು. ಆ ಬೇಸಿಗೆ ನನಗೆ ಕೆಲಸವಿರಲಿಲ್ಲ, ಕಟ್ಟೆಯ ಮೇಲೆ ಪೇಪರು ಹಿಡಿದು ಕೂತಿರುತ್ತಿದ್ದೆ. ಒಬ್ಬ ಹಮಾಲ ಕಾರನ್ನೂ ನನ್ನನ್ನೂ ಒಂದೊಂದು ಸಲ ನೋಡಿ, "ಎಂ.ಎ. ಸಾಹೇಬ್ರ, ನೀವೇನ್ ಮಾಡಾಕತ್ತೀರಿ? ಇದರಾಗ ಕುಂದ್ರೋ ಗೊಂಬಿ ಏನ್ರೀ?" ಎಂದ. ಎಲ್ಲರೂ ನಕ್ಕರು. ಅವ್ವನೂ ನಕ್ಕಳು ಎಂದು ಡೈರಿಯಲ್ಲಿದೆ. ಆ ಒಂದು ಸಾಲಿನ ಕೆಳಗೆ ಗೆರೆ ಎಳೆದಿದ್ದೇನೆ.

ಎಡಮಗ್ಗುಲು ಮುಗಿದ ಮೇಲೆ ಅಣ್ಣ ಕೆಲಸ ನಿಲ್ಲಿಸಿದ. ಡಿಗ್ರಿಯ ಕಾಗದ ತರಲು ನಾನು ಧಾರವಾಡಕ್ಕೆ ಹೊರಟಿದ್ದೆ.

"ಎಂಜಿನ್ನಿಗೆ ಒಂದ ಮಗ್ಗಲದಾಗ ಹೊಗಿ ಹೊರಗ ಬರ್ತದ, ಇನ್ನೊಂದು ಮಗ್ಗಲದಾಗ ಗಾಳಿ ಒಳಗ ಹೋಗ್ತದ," ಎಂದ. "ನಮ್ಮ ಗಿರಣಿ ಎಂಜಿನ್ ಹಂಗ ಅದ. ಇದೂ ಹಂಗ ಇರಬೇಕು. ಆದ್ರ ನೋಡದ ಹೆಂಗ ಮಾಡ್ಲಿ? ಅಲ್ಲಿ ಲೈಬ್ರರಿಯಾಗ ದಪ್ಪ ದಪ್ಪ ಬುಕ್ ಇರ್ತಾವಂತಿ. ಒಂದೀಟು ನೋಡ್ಕೊಂಡು ಬಾ ತಮ್ಮಾ."

ಮುಂದಿನದನ್ನು ನಾನು ಬಹಳ ವರ್ಷ ಹೀಗೆ ನೆನಪಿಟ್ಟುಕೊಂಡಿದ್ದೆ: ಹುಡುಕಿದೆ, ಸಿಗಲಿಲ್ಲ, ಊಹೆಯ ಮೇಲೆ ಏನೋ ಹೇಳಿದೆ, ಅದು ತಪ್ಪಾಯಿತು. ಹೆಂಡತಿಗೂ ಹೀಗೆಯೇ ಹೇಳಿದ್ದೇನೆ, ನಂಬಿದ್ದಾಳೆ. ಮನೆ ಬದಲಿಸುವಾಗ ಆ ವರ್ಷದ ಡೈರಿ ಕೈಗೆ ಬಂತು. ಪುಸ್ತಕ ಸಿಕ್ಕಿತು ಎಂದು ಅದರಲ್ಲಿದೆ. ಬಲಮಗ್ಗುಲನ್ನು ಪೆನ್ಸಿಲಿನಲ್ಲಿ ಬಿಡಿಸಿಕೊಂಡಿದ್ದೇನೆ. ಗಾಳಿ ಎಳೆಯುವ ಎರಡು ಗಿಡ್ಡ ಕೊಳವೆ, ಮೈಯ ಹೊರಗೆ ನಿಂತ ಬ್ರೇಕಿನ ಸಲಾಕೆ, ಅದರ ತುದಿಯ ಗುಂಡು. ಅಳಿಸಿ ಮತ್ತೆ ಬರೆದ ಗುರುತುಗಳಿವೆ. ಅಂದರೆ ಕೊಡಬೇಕೆಂದೇ ಬಿಡಿಸಿದ್ದೇನೆ. ಧಾರವಾಡದಲ್ಲಿದ್ದ ಆ ಒಳ್ಳೆಯ ಮನಸ್ಸು ದಾರಿಯಲ್ಲಿ ಎಲ್ಲಿ ಕೆಟ್ಟಿತೋ ಡೈರಿ ಹೇಳುವುದಿಲ್ಲ. ಸಿಂಧನೂರಿನಲ್ಲಿ ಬಸ್ಸು ಬದಲಿಸಿದೆ ಎಂದಿದೆ, ಅಷ್ಟೇ.

ಮನೆಗೆ ಬಂದಾಗ ಕಾರಿನ ಸುತ್ತ ನಾಲ್ಕೈದು ಮಂದಿ ಇದ್ದರು. ನನ್ನ ಕೈಚೀಲವನ್ನು ಯಾರೂ ಇಸಿದುಕೊಳ್ಳಲಿಲ್ಲ. ಅಣ್ಣ ತಲೆ ಎತ್ತಿದ.

"ಸಿಕ್ತೇನು?"

"ಸಿಕ್ತು. ಆ ಕಡಿನೂ ಈ ಕಡಿ ಇದ್ದಂಗ ಅದ."

ಬೆಸುಗೆ ಹಾಕುವ ಕಾದ ಕಬ್ಬಿಣವನ್ನು ಅವನು ಕೆಳಗಿಟ್ಟ. "ನಾಕೂ ಪೈಪು?"

"ನಾಕೂ."

"ಹಂಗಾರ ಗಾಳಿ ಎಲ್ಲಿಂದ ಹೋಗ್ತದಲೇ?"

"ತಳಗಿನಿಂದ."

ಅವನು ಎಂಜಿನ್ನನ್ನು ಬಹಳ ಹೊತ್ತು ನೋಡಿದ. "ಇರಲಾರದು," ಎಂದ, ತನಗೇ ಹೇಳಿಕೊಂಡಂತೆ. ಆಮೇಲೆ ನನ್ನ ಕಡೆ ತಿರುಗಿ, "ನೀ ಕಣ್ಣಾರ ನೋಡೀಯಿಲ್ಲೋ?" ಎಂದು ಕೇಳಿದ.

"ಬುಕ್ಕಿನಾಗ ನೋಡೀನಿ."

"ಬುಕ್ಕಿನಾಗ ಅದ ಅಂದ್ರ ಮುಗೀತು ಬಿಡು."

ಹೊಟ್ಟೆಕಿಚ್ಚು ಎಂದು ಬರೆದು ಮುಂದೆ ಹೋಗಬಹುದು. ಆ ಪದವನ್ನು ಎರಡು ಸಲ ಬರೆದು ಹೊಡೆದುಹಾಕಿದ್ದೇನೆ. ಹೊಟ್ಟೆಕಿಚ್ಚಾಗಿದ್ದರೆ ಒಂದು ದಿನದಲ್ಲಿ ಇಳಿಯುತ್ತಿತ್ತು. ಆ ನಾಲ್ಕು ಪೈಪು ಮಾಡಲು ಅವನಿಗೆ ಇಪ್ಪತ್ತು ದಿನ ಹಿಡಿಯಿತು, ಇಪ್ಪತ್ತು ದಿನವೂ ನಾನು ಬಾಯಿ ತೆರೆಯಲಿಲ್ಲ. ಹದಿನೈದು ವರ್ಷ ಎಂಜಿನ್ ಬಿಚ್ಚಿ ಜೋಡಿಸಿದವನು ತನ್ನ ಕೈಗೆ ಗೊತ್ತಿದ್ದದ್ದನ್ನು ನನ್ನ ಒಂದು ಮಾತಿಗೆ ಬಿಟ್ಟುಕೊಟ್ಟಿದ್ದ. ಅದನ್ನು ನೋಡುವುದು ನನಗೆ ಹಿತವಾಗಿತ್ತು. ಸಣ್ಣ ತಾಮ್ರದ ಕೊಳವೆ ಬಾಗಿಸುವಾಗ ನಡುವೆ ಅಪ್ಪಚ್ಚಿಯಾಗಬಾರದೆಂದು ಒಳಗೆ ಮರಳು ತುಂಬುತ್ತಾರೆ. ಆ ಮರಳನ್ನು ಜರಡಿ ಹಿಡಿದು ಕೊಟ್ಟವನು ನಾನು. ಅವನು ಬಾಗಿಸುವಾಗ ಇನ್ನೊಂದು ತುದಿಯನ್ನು ಹಿಡಿದುಕೊಂಡವನೂ ನಾನೇ.

"ನೀ ಇದ್ದದ್ದಕ್ಕ ಆತು ನೋಡು," ಎಂದಿದ್ದ.

ರಾಯಚೂರಿಗೆ ನಾನೂ ಹೋದೆ. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಇರಲಿ ಎಂದು ಅವನೇ ಕರೆದುಕೊಂಡು ಹೋದ. ತರಬೇತಿ ಶಾಲೆಯ ಸೂಪರಿಂಟೆಂಡೆಂಟರು ಮೇಜಿನ ಮೇಲಿಟ್ಟ ಕಾರಿನ ಎಡಮಗ್ಗುಲನ್ನು ಮತ್ತೆ ಮತ್ತೆ ನೋಡಿದರು. ಎದ್ದು ಹೋಗಿ ಇಬ್ಬರು ಮೇಷ್ಟ್ರುಗಳನ್ನು ಕರೆತಂದರು. ಬೆರಳ ತುದಿಯಿಂದ ಚಕ್ರ ತಿರುಗಿಸಿದರು, ಅದು ಸದ್ದಿಲ್ಲದೆ ಬಹಳ ಹೊತ್ತು ತಿರುಗಿತು.

"ಯಾರ ಹಂತ್ಯಾಕ ಕಲ್ತೀಯಪ್ಪಾ?" ಎಂದು ಕೇಳಿದರು.

"ಯಾರ ಹಂತ್ಯಾಕೂ ಇಲ್ರಿ."

ಆಮೇಲೆ ಕಾರನ್ನು ತಿರುಗಿಸಿದರು. ಬಾನೆಟ್ಟು ಎತ್ತಿ ಒಳಗೆ ಇಣುಕಿದರು. ಮೊದಲು ನಕ್ಕದ್ದು ಅವರಲ್ಲ, ಮೇಷ್ಟ್ರುಗಳಲ್ಲಿ ಒಬ್ಬರು.

"ನಾಕು ಸಿಲಿಂಡರಿಗೆ ಎಂಟು ಪೈಪು! ಎರಡೂ ಮಗ್ಗಲದಾಗ ಹೊಗಿ ಬಿಡ್ತದ, ಉಸಿರು ಎಲ್ಲಿಂದ ತಗೋತದಪ್ಪಾ ಇದು? ಕುಂಡಿಯಿಂದನಾ?"

ಕೋಣೆಯ ತುಂಬ ನಗೆ. ಬಾಗಿಲ ಹೊರಗೆ ಸುತ್ತಿಗೆ, ಕುರ್ಚಿ ಹಿಡಿದು ನಿಂತಿದ್ದವರೂ ನಕ್ಕರು. ಅಣ್ಣನಿಗೆ ಕೆಮ್ಮು ಬಂತು, ನುಂಗಿಕೊಂಡ. ಸೂಪರಿಂಟೆಂಡೆಂಟರು ನಗಲಿಲ್ಲ, ಬೇಸರಗೊಂಡಿದ್ದರು. ನನ್ನ ಕಡೆ ನೋಡಿ, "ನೀವು ಓದಿದವ್ರು ಕಾಣ್ತೀರಿ. ಇಷ್ಟು ಹೇಳಬಾರದಾಗಿತ್ತೇನ್ರೀ ಇವನಿಗೆ?" ಎಂದರು.

ಆಗ ಸತ್ಯ ಹೇಳಿದ್ದರೆ ಕೆಲಸ ಆಗುತ್ತಿತ್ತೇನೋ. ಆಗುತ್ತಿತ್ತು ಎಂದು ಈಗ ಬರೆಯುವುದೂ ಒಂದು ಬಗೆಯ ಜಂಬವೇನೋ. ನಾನು ಹೇಳಿದ್ದು ಡೈರಿಯಲ್ಲಿಲ್ಲ, ಆದರೆ ಅದೊಂದು ಮಾತ್ರ ನೆನಪಿನಲ್ಲಿ ಎಂದೂ ಬದಲಾಗಿಲ್ಲ.

"ಹೇಳಿದೆ ಸರ್. ಕೇಳ್ಲಿಲ್ಲ."

ಅಣ್ಣ ನನ್ನ ಕಡೆ ನೋಡಲಿಲ್ಲ. ಕಾರಿನ ಬಾನೆಟ್ಟನ್ನು ಮೆಲ್ಲಗೆ ಮುಚ್ಚಿ ಪಟ್ಟಿ ಬಿಗಿದ. "ಹೌದ್ರಿ," ಎಂದ. "ನಾ ಕೇಳ್ಲಿಲ್ರಿ."

"ಕೈ ಅದ, ತಲಿ ಇಲ್ಲ," ಎಂದು ಸೂಪರಿಂಟೆಂಡೆಂಟರು ಮೇಷ್ಟ್ರುಗಳಿಗೆ ಹೇಳಿದರು, ಅವನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ. "ಪತ್ರ ಹಾಕ್ತೀವಿ, ಹೋಗಪ್ಪಾ."

ಬಸ್ಸಿನಲ್ಲಿ ಕಾರನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಪಕ್ಕ ಕೂತ. ಕಲ್ಲೂರು ದಾಟಿದ ಮೇಲೆ, ನಾವು ಬೇರೆ ಏನೋ ಮಾತಾಡುತ್ತಿದ್ದೆವು ಎಂಬಂತೆ ಕೇಳಿದ.

"ಆ ಕಡಿ ಖರೇ ಖರೇ ಏನಿತ್ತು?"

ಗೊತ್ತಿಲ್ಲ ಎನ್ನಬಹುದಿತ್ತು. ಎನ್ನಲಿಲ್ಲ. ಎರಡು ಗಿಡ್ಡ ಕೊಳವೆಯ ಬಗ್ಗೆ ಹೇಳಿದೆ. ಅವನು ತಗಡಿನ ಮೇಲೆ ಬೆರಳಿಟ್ಟು, "ಇಲ್ಲೆ?" ಎಂದ. ಇನ್ನೂ ಸ್ವಲ್ಪ ಹಿಂದೆ ಎಂದೆ. ಬೆರಳು ಸರಿಸಿದ. ಬ್ರೇಕಿನ ಸಲಾಕೆಯ ಬಗ್ಗೆ ಹೇಳಿದೆ.

"ಸಲಾಕಿ ಹೊರಗ ಇತ್ತೇನು?"

"ಹೊರಗ."

"ತುದಿಗೆ?"

"ಗುಂಡು."

"ಚಂದ ಕಾಣ್ತಿತ್ತು," ಎಂದ.

ಮರುದಿನ ಗಿರಣಿಗೆ ಹೋದ. ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ಅವ್ವನಿಗೆ ಹೇಳಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ನೀರು ಕೇಳಿದರೆ ಕೊಡುತ್ತಿದ್ದ. ಒಂದು ತಿಂಗಳ ಮೇಲೆ ಪೋಸ್ಟ್‌ಮನ್ ಬಂದಾಗ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅಣ್ಣ ಗಿರಣಿಯಿಂದ ಊಟಕ್ಕೆ ಬಂದವನು ಅಂಗಳದಲ್ಲಿ ಕೈ ತೊಳೆಯುತ್ತಿದ್ದ, ಹುಬ್ಬಿನ ಮೇಲೆಲ್ಲ ತೌಡು. ಲಕೋಟೆಯನ್ನು ಒಡೆದು ನೋಡಿ, ಪೋಸ್ಟ್‌ಮನ್ನನಿಗೇ ತಿರುಗಿ ಕೊಟ್ಟ.

"ಓದ್ರಿ."

"ಇಂಗ್ಲೀಷಿನಾಗ ಅದರೀ ಇದು. ನಿಮ್ಮ ತಮ್ಮ ಇಲ್ಲೇ ಕುಂತಾರಲ್ಲ."

"ನೀವ ಓದ್ರಿ."

"ನಂದು ಮೆಟ್ರಿಕ್ ಇಂಗ್ಲೀಷ್ರೀ."

"ಗೊತ್ತಾದಷ್ಟು ಓದ್ರಿ."

ಪೋಸ್ಟ್‌ಮನ್ ವಿಳಾಸ ಓದುವ ಹಾಗೆ ಒಂದೊಂದೇ ಪದ ಬಿಡಿಸಿ ಓದಿದ. ಎರಡನೆಯ ಸಾಲಿಗೇ ನನಗೆ ತಿಳಿಯಿತು. ಅಣ್ಣ ಒದ್ದೆ ಕೈಗಳನ್ನು ಮೈಯಿಂದ ದೂರ ಹಿಡಿದು ಕೊನೆಯ ತನಕ ನಿಂತಿದ್ದ.

"ಏನಂತ?"

"ಆಗಂಗಿಲ್ಲ ಅಂತ ಇರಬೇಕ್ರಿ, ನನಗನಿಸಿದಂಗ," ಎಂದು ಪೋಸ್ಟ್‌ಮನ್ ನನ್ನ ಮುಖ ನೋಡಿದ.

"ಅಲ್ಲಿ ನೋಡಬ್ಯಾಡ್ರಿ," ಎಂದ ಅಣ್ಣ. "ಇನ್ನೊಮ್ಮಿ ಮೊದಲಿಂದ ಓದ್ರಿ."